ತಂತಿ ಬಿಚ್ಚಿದ ಮೇಲೆ

ಹರಿಹರದಿಂದ ದಾವಣಗೆರೆಗೆ ಹೋಗುವ ದಾರಿಯಲ್ಲಿರುವ ನರ್ಸರಿಯೊಂದರಲ್ಲಿ ಕಳೆದ ದೀಪಾವಳಿ ಮುಗಿದ ವಾರ ಒಂದು ಜುನಿಪರ್ ಗಿಡ ಕೊಂಡೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿದ್ದ, ಮೊಣಕಾಲೆತ್ತರದ ಗಿಡ. ನಮ್ಮ ಕಡೆ ಇದು ಗೇಟಿನ ಎರಡೂ ಬದಿ ಇಡುವ ‘ಶೋ ಗಿಡ’. ಹಾಗಾಗಿ ನರ್ಸರಿಯವರು ಜೋಡಿಯಾಗಿ ತಗೊಳ್ಳಿ ಎಂದರು. ನನಗೆ ಬೇಕಿದ್ದದ್ದು ಒಂದೇ, ಅದೂ ಸೊಟ್ಟಗಿದ್ದದ್ದು. ಹಿಂದಿನ ಸಾಲಿನಲ್ಲಿ ಬೆಳಕು ಹುಡುಕುತ್ತ ಒಂದೇ ಕಡೆ ವಾಲಿದ್ದ ಗಿಡವನ್ನು ಎತ್ತಿಕೊಂಡಾಗ ಅವರು ಕೇಳದೆಯೇ ಬೆಲೆ ಇಳಿಸಿದರು.

ನನ್ನ ಸಂಶೋಧನೆ ಬಾದಾಮಿ ಚಾಲುಕ್ಯರ ಕಾಲದ ದಖ್ಖನ್ನಿನ ಹೊರನಾಡ ಸಂಪರ್ಕಗಳ ಬಗ್ಗೆ. ಅದಕ್ಕೂ ಗಿಡಕ್ಕೂ ಏನು ಸಂಬಂಧ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಸಂಬಂಧ ಇದೆ ಎಂದು ನಾನು ಸುಮಾರು ಎರಡು ತಿಂಗಳು ನಂಬಿದ್ದೆ. ಆ ನಂಬಿಕೆ ಹೇಗೆ ಹುಟ್ಟಿತು, ಹೇಗೆ ಬಿಟ್ಟುಹೋಯಿತು ಎಂಬುದನ್ನು ಹೇಳಲು ಈ ಬರಹ.

ಚೀನಾದ ಶಾನ್ಶಿ ಪ್ರಾಂತ್ಯದಲ್ಲಿ ಚ್ಯೆನ್‌ಲಿಂಗ್ ಎಂಬಲ್ಲಿ ತಾಂಗ್ ರಾಜವಂಶದವರ ಸಮಾಧಿಗಳಿವೆ. ಅವುಗಳಲ್ಲಿ ಯುವರಾಜ ಲಿ ಶ್ಯೆನ್‌ನ ಸಮಾಧಿಯೂ ಒಂದು. ಅವನ ತಾಯಿ, ಮುಂದೆ ಸ್ವತಃ ಚಕ್ರವರ್ತಿಯಾಗಿ ಆಳಿದ ವೂ ತ್ಸೆತ್ಯೆನ್. ತಾಯಿಯ ಅವಕೃಪೆಗೆ ಗುರಿಯಾಗಿ ದೂರದ ಊರಿಗೆ ಗಡಿಪಾರಾದ ಯುವರಾಜ 684ರಲ್ಲಿ ಅಲ್ಲಿಯೇ ಪ್ರಾಣ ಬಿಡಬೇಕಾಯಿತು. ಆಕೆ ತೀರಿಕೊಂಡ ಮೇಲೆ, 706ರಲ್ಲಿ, ಅವನ ಅವಶೇಷಗಳನ್ನು ತಂದು ಇಲ್ಲಿ ಮತ್ತೆ ಹೂಳಿದರು. 1971-72ರಲ್ಲಿ ಸಮಾಧಿಯನ್ನು ಉತ್ಖನನ ಮಾಡಿದಾಗ ಗೋಡೆಗಳ ಮೇಲೆ ಬಣ್ಣದ ಚಿತ್ರಗಳು ಕಂಡವು. ಅವುಗಳಲ್ಲೊಂದರಲ್ಲಿ ಪರಿಚಾರಕಿಯೊಬ್ಬಳು ಎರಡೂ ಕೈಗಳಲ್ಲಿ ಒಂದು ತಟ್ಟೆ ಹಿಡಿದಿದ್ದಾಳೆ. ತಟ್ಟೆಯಲ್ಲಿ ಸಣ್ಣ ಕಲ್ಲುಗಳು, ಅವುಗಳ ನಡುವೆ ಪುಟ್ಟ ಗಿಡಗಳು. ತಟ್ಟೆಯಲ್ಲಿ ಮರ ಬೆಳೆಸುವ ಕಲೆಯ ಬಗ್ಗೆ ಬರೆಯುವವರೆಲ್ಲ ಅತಿ ಹಳೆಯ ಖಚಿತ ಸಾಕ್ಷಿ ಎಂದು ಮೊದಲು ತೋರಿಸುವುದು ಈ ಚಿತ್ರವನ್ನೇ.

ಈ ಕಲೆಗೆ ಚೀನೀಯರು ಇಟ್ಟ ಹೆಸರು ಪೆನ್‌ಜಿಂಗ್. ಪೆನ್ ಅಂದರೆ ತಟ್ಟೆ ಅಥವಾ ಕುಂಡ, ಜಿಂಗ್ ಅಂದರೆ ದೃಶ್ಯ. ಕುಂಡದಲ್ಲಿ ನೆಟ್ಟದ್ದಕ್ಕೆ ಅವರಲ್ಲಿ ಪೆನ್‌ತ್ಸಾಯ್ ಎಂಬ ಇನ್ನೊಂದು ಮಾತೂ ಇದೆ. ಅದೇ ಎರಡು ಅಕ್ಷರಗಳನ್ನು ಜಪಾನೀಯರು ತಮ್ಮ ಬಾಯಲ್ಲಿ ‘ಬೋನ್ಸಾಯ್’ ಎಂದು ಓದಿದರು. ಜಗತ್ತು ಕಲಿತದ್ದು ಆ ಹೆಸರನ್ನು. ಜಪಾನಿನ 1309ರ ಒಂದು ಚಿತ್ರಸುರುಳಿಯಲ್ಲಿ ಕುಂಡದ ಮರಗಳು ಕಾಣಿಸುತ್ತವೆ. ಹಾಗೆಂದರೆ ಚೀನಾದ ಗೋಡೆಚಿತ್ರಕ್ಕೂ ಇದಕ್ಕೂ ಆರುನೂರು ವರ್ಷಗಳ ಅಂತರ.

ಚೀನೀ ರೀತಿಯಲ್ಲಿ ಮುಖ್ಯವಾದ ಮಾತು ‘ದೃಶ್ಯ’. ಐದನೆಯ ಶತಮಾನದಲ್ಲಿ ತ್ಸೋಂಗ್ ಬಿಂಗ್ ಎಂಬ ಚಿತ್ರಕಾರನಿದ್ದ. ಹರೆಯದಲ್ಲಿ ಬೆಟ್ಟಗಳನ್ನು ಸುತ್ತಿದವನು, ಮುದಿತನದಲ್ಲಿ ಕಾಲು ಸಾಗದಾದಾಗ ಕಂಡ ಬೆಟ್ಟಗಳನ್ನೆಲ್ಲ ಕೋಣೆಯ ಗೋಡೆಗೆ ಬರೆದುಕೊಂಡು, ಮಲಗಿದಲ್ಲೇ ಅವುಗಳಲ್ಲಿ ತಿರುಗಾಡುತ್ತಿದ್ದನಂತೆ. ತಟ್ಟೆಯ ಮರದ ಹಿಂದೆ ಇರುವುದೂ ಇದೇ ಆಸೆ. ಅದು ಕುಳ್ಳ ಗಿಡವಾಗಿ ಕಂಡರೆ ಸಾಲದು. ದೂರದ ಬೆಟ್ಟದಲ್ಲಿ ಗಾಳಿಗೆ ಒಡ್ಡಿಕೊಂಡು ನೂರು ವರ್ಷ ನಿಂತ ಮರವಾಗಿ ಕಾಣಬೇಕು. ಮಿಂಗ್ ಕಾಲದ ಕೊನೆಯಲ್ಲಿ ಸೂಚೌ ನಗರದ ವೆನ್ ಝೆನ್‌ಹೆಂಗ್ (1585-1645) ಎಂಬ ರಸಿಕ, ಬದುಕಿಗೆ ಇಲ್ಲದಿದ್ದರೂ ನಡೆಯುವ ಚೆಲುವಾದ ವಸ್ತುಗಳ ಕುರಿತು ಒಂದು ಗ್ರಂಥ ಬರೆದ. ಅದರಲ್ಲಿ ಕುಂಡದ ಮರಗಳಿಗೂ ಜಾಗವಿದೆ. ಅವನ ಅಳತೆಗೋಲು ಹಿಂದಿನ ಚಿತ್ರಕಾರರು. ಮರವೊಂದು ಸೋಂಗ್ ಕಾಲದ ಮಾ ಯುವಾನ್ ಅಥವಾ ಗುವೋ ಶೀ ಬರೆದ ಪೈನ್ ಮರದಂತೆ ಬಾಗಿದ್ದರೆ ಅದಕ್ಕೆ ಅವನ ಮೆಚ್ಚುಗೆ. ಗಿಡ ಬೆಳೆಸುವವನು ಮೊದಲು ಚಿತ್ರ ನೋಡಿರಬೇಕು ಎಂಬುದು ಈ ಮಾತಿನ ಒಳಗಿನ ಷರತ್ತು.

ನಾಡಿನಿಂದ ನಾಡಿಗೆ ರೀತಿಗಳು ಬೇರೆ. ಯಾಂಗ್‌ಚೌ ಕಡೆಯವರು ರೆಂಬೆಗಳನ್ನು ತಾಳೆ ನಾರಿನಿಂದ ಕಟ್ಟಿ, ಎಲೆಗಳನ್ನು ಮೋಡದ ಪದರಗಳಂತೆ ತೆಳ್ಳಗೆ ಹರಡಿಸುತ್ತಾರೆ. ದಕ್ಷಿಣದ ಗ್ವಾಂಗ್‌ಡಾಂಗ್ ಕಡೆಯ ಲಿಂಗ್‌ನಾನ್ ರೀತಿಯವರು ಕಟ್ಟುವುದಕ್ಕಿಂತ ಕತ್ತರಿಯನ್ನು ನಂಬುತ್ತಾರೆ. ರೆಂಬೆಯನ್ನು ಬೆಳೆಯಲು ಬಿಟ್ಟು, ಸಾಕಷ್ಟು ದಪ್ಪವಾದಾಗ ಕತ್ತರಿಸಿ, ಅಲ್ಲಿಂದ ಬೇರೆ ದಿಕ್ಕಿಗೆ ಒಡೆಯುವ ಚಿಗುರನ್ನು ಮತ್ತೆ ಬೆಳೆಸುತ್ತಾರೆ. ಬಿಸಿಲುನಾಡಿನ, ಬೇಗ ಚಿಗುರುವ ಮರಗಳಿಗೆ ಹೇಳಿ ಮಾಡಿಸಿದ ವಿಧಾನ ಇದು. ನಮ್ಮ ಆಲ, ಅರಳಿ, ಅತ್ತಿ, ಬಸರಿಗಳಿಗೂ ಒಗ್ಗುತ್ತದೆ.

ಜುನಿಪರ್‌ಗೆ ಇದು ಒಗ್ಗುವುದಿಲ್ಲ. ಹಸಿರೆಲ್ಲ ಕಳೆದು ಬೋಳಾದ ಜುನಿಪರ್ ರೆಂಬೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ, ಒಣಗುತ್ತದೆ. ಹಾಗಾಗಿ ಪ್ರತಿ ರೆಂಬೆಯಲ್ಲೂ ಸ್ವಲ್ಪ ಹಸಿರು ಉಳಿಸಿಕೊಂಡು, ಬೇಡದ್ದನ್ನು ಮಾತ್ರ ತೆಗೆದು, ಉಳಿದದ್ದನ್ನು ತಂತಿ ಸುತ್ತಿ ಬಾಗಿಸಬೇಕು. ಒಂದೇ ಸಲಕ್ಕೆ ಕತ್ತರಿಸಿ, ಕುಂಡವನ್ನೂ ಬದಲಿಸಿದರೆ ಗಿಡ ತಾಳುವುದಿಲ್ಲ. ಇವೆಲ್ಲ ನಾನು ಓದಿ ತಿಳಿದದ್ದು. ತಂತಿ ಎಲ್ಲಿ ತರುವುದು ಎಂದು ಯೋಚಿಸುತ್ತಿದ್ದಾಗ ಅಪ್ಪ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಗೆಳೆಯರ ಅಂಗಡಿಯಿಂದ ಹಳೆಯ ತಾಮ್ರದ ತಂತಿಯ ಉಂಡೆ ತಂದರು. ಅಪ್ಪ ಮೂವತ್ತು ವರ್ಷ ಲೇಥ್ ಮೇಲೆ ದುಡಿದವರು. ತಂತಿಯ ನಾಲ್ಕೆಳೆ ಹೊಸೆದು, ಹಿತ್ತಲಲ್ಲಿ ಇದ್ದಿಲ ಮೇಲೆ ಕೆಂಪಗೆ ಕಾಯಿಸಿ, ನೀರಿಗೆ ಅದ್ದಿದರು. “ಉಕ್ಕು ಹಿಂಗ್ ಮಾಡಿದ್ರೆ ಗಟ್ಟಿ ಆಗ್ತತಿ, ತಾಮ್ರ ಮೆತ್ತಗಾಗ್ತತಿ. ಒಮ್ಮೆ ಬಾಗಿಸಿದ್ಮ್ಯಾಲೆ ಮತ್ತೆ ಬಿರುಸಾಗ್ತತಿ,” ಎಂದರು. ನಾನು ಕತ್ತರಿ ಎತ್ತಿಕೊಂಡಾಗ ಇನ್ನೊಂದು ಮಾತು ಹೇಳಿದರು: “ತಡಿ. ಕಡಿದ್ಮ್ಯಾಲೆ ಹಚ್ಚಾಕ ಬರಂಗಿಲ್ಲ. ಮೊದ್ಲು ನೋಡು.”

ಡಿಸೆಂಬರಿನ ಆ ವಾರ ಗಿಡದ ಎದುರು ಕೂತು ನಾನು ನೋಡುತ್ತಿದ್ದದ್ದು ನಿಜವಾಗಿ ಗಿಡವನ್ನಲ್ಲ. ತಲೆಯಲ್ಲಿ ನಾಲ್ಕು ಇಸವಿಗಳು ಸುತ್ತುತ್ತಿದ್ದವು.

ಮೊದಲನೆಯದು 645. ಹ್ಯುಯೆನ್ ತ್ಸಾಂಗ್ ಭಾರತದ ಸುತ್ತಾಟ ಮುಗಿಸಿ ತಾಂಗ್ ರಾಜಧಾನಿಗೆ ಮರಳಿದ ವರ್ಷ. ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ, ಹರ್ಷನಿಗೆ ಅವನು ಮಣಿಯದಿದ್ದದ್ದನ್ನೂ ಬರೆದಿಟ್ಟವನು ಅವನೇ. ಎರಡನೆಯದು 692. ಆ ವರ್ಷ ಭಾರತದ ಐದು ಭಾಗಗಳ ಅರಸರಿಂದ ಚೀನಾಕ್ಕೆ ದೂತರು ಬಂದರೆಂದು ಚೀನೀ ದಾಖಲೆ ಹೇಳುತ್ತದೆ. ದಕ್ಷಿಣದ ಅರಸನ ಹೆಸರನ್ನು ಚೀನೀ ಅಕ್ಷರಗಳಲ್ಲಿ ಬರೆದ ರೀತಿಯನ್ನು ಇತಿಹಾಸಕಾರರು ‘ಚಾಲುಕ್ಯ ವಲ್ಲಭ’ ಎಂದು ಓದಿದ್ದಾರೆ. ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ವಿನಯಾದಿತ್ಯ. ಚೀನಾದಲ್ಲಿ ಆಳುತ್ತಿದ್ದವಳು ಲಿ ಶ್ಯೆನ್‌ನ ತಾಯಿ ವೂ ತ್ಸೆತ್ಯೆನ್. ಮೂರನೆಯದು 694. ಅದೇ ವಿನಯಾದಿತ್ಯನ, ಶಕ 616ರ ತಾಮ್ರಶಾಸನ ಸಿಕ್ಕಿದ್ದು ಬೇರೆಲ್ಲೂ ಅಲ್ಲ, ನಮ್ಮ ಹರಿಹರದಲ್ಲಿ. ನಾಲ್ಕನೆಯದು 706, ತಟ್ಟೆ ಹಿಡಿದ ಪರಿಚಾರಕಿಯ ಚಿತ್ರ.

ಇವುಗಳ ಜೊತೆಗೆ, ನಮ್ಮ ಬೋನ್ಸಾಯ್ ಪ್ರಿಯರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಮಾತಿದೆ. ಈ ಕಲೆ ಮೂಲತಃ ಭಾರತದ್ದು, ‘ವಾಮನ ವೃಕ್ಷ ವಿದ್ಯೆ’ ಎಂಬ ಹೆಸರಲ್ಲಿ ಇಲ್ಲಿತ್ತು, ಬೌದ್ಧ ಭಿಕ್ಷುಗಳ ಜೊತೆ ಚೀನಾಕ್ಕೆ ಹೋಯಿತು ಎಂಬ ಮಾತು. ವಾಮನ ಎಂಬ ಹೆಸರು ಎಷ್ಟು ಚೆನ್ನಾಗಿ ಕೂರುತ್ತದೆ! ಕುಳ್ಳನಾಗಿ ಬಂದು ಮೂರು ಲೋಕ ಅಳೆದವನು. ನಾಲ್ಕು ಇಸವಿಗಳನ್ನು ಈ ಮಾತಿನ ಸುತ್ತ ಜೋಡಿಸಿ ನಾನು ವಿಚಾರ ಸಂಕಿರಣವೊಂದಕ್ಕೆ ಪ್ರಬಂಧ ಬರೆಯತೊಡಗಿದ್ದೆ. ಚಾಲುಕ್ಯ ದೂತರ ಜೊತೆ ತಟ್ಟೆಯ ಮರವೂ ಚೀನಾಕ್ಕೆ ಹೋಗಿರಬಹುದು ಎಂಬುದು ಅದರ ತಿರುಳು. ‘ಬಹುದು’ ಎಂಬ ಮಾತನ್ನು ಎಷ್ಟು ಸಲ ಬರೆದಿದ್ದೆ ಎಂದು ಆಮೇಲೆ ಎಣಿಸಿದೆ. ಹನ್ನೊಂದು ಸಲ.

ಕರಡು ಓದಿದ ನನ್ನ ಮಾರ್ಗದರ್ಶಕರು ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆದು, ನಾನು ಹಾಕಿದ್ದ ಬಾಣದ ಗುರುತುಗಳನ್ನು ಬಿಟ್ಟು ಉಳಿದದ್ದನ್ನು ನನ್ನ ಮುಂದೆ ಇಟ್ಟರು. “ನಾಲ್ಕೂ ನಿಜ. ಆದರೆ ಇವನ್ನ ಕೂಡಿಸಿದ್ದು ಯಾರು? ದಾಖಲೆಯಾ, ನೀನಾ?” ಎಂದರು. ಉತ್ತರ ನನಗೆ ಗೊತ್ತಿತ್ತು. ದೂತರು ಏನೇನು ಒಯ್ದರು ಎಂಬಲ್ಲಿ ಮರದ ಸುದ್ದಿ ಇಲ್ಲ. ಹರಿಹರದ ಶಾಸನ ಭೂಮಿ ದಾನದ್ದು, ಅದಕ್ಕೂ ಚೀನಾಕ್ಕೂ ಸಂಬಂಧವಿಲ್ಲ. ತಟ್ಟೆ ಹಿಡಿದ ಪರಿಚಾರಕಿಯ ಚಿತ್ರದಲ್ಲಿ ದಕ್ಷಿಣ ಭಾರತದ ಗುರುತು ಯಾವುದೂ ಇಲ್ಲ. ಬೆಟ್ಟವನ್ನು ಕೈಯಳತೆಗೆ ತರುವ ಆಸೆಯಂತೂ ಚೀನಾದಲ್ಲಿ ಅದಕ್ಕೆ ಎಷ್ಟೋ ಶತಮಾನ ಮೊದಲಿನಿಂದ ಇತ್ತು. ಹಾನ್ ರಾಜರ ಕಾಲದಲ್ಲೇ ಅಲ್ಲಿನ ಧೂಪದ ಪಾತ್ರೆಗಳಿಗೆ ಬೆಟ್ಟದ ಆಕಾರದ ಮುಚ್ಚಳವಿತ್ತು. ಧೂಪ ಹಚ್ಚಿದರೆ ಬೆಟ್ಟಕ್ಕೆ ಮಂಜು ಮುಸುಕಿದಂತೆ ಕಾಣುತ್ತಿತ್ತು.

ಹಾಗಾದರೆ ನಮ್ಮಲ್ಲಿ ಏನಿತ್ತು? ಪ್ರಬಂಧ ಕೈಬಿಟ್ಟ ಮೇಲೆ ಈ ಪ್ರಶ್ನೆಯನ್ನು ಸಾವಧಾನವಾಗಿ ಕೇಳಿಕೊಳ್ಳಲು ಆಯಿತು. ಕನ್ನಡದಲ್ಲೇ ಇದೆ, ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಹುಟ್ಟಿದ ಕೃತಿ. ಅಡುಗೆ, ವೈದ್ಯ, ನೀರಿನ ಸೆಲೆ ಹುಡುಕುವುದು, ಶಕುನ, ಹೀಗೆ ಸಂಸಾರಿಗೆ ಬೇಕಾದ್ದೆಲ್ಲ ಇರುವ ಆ ಪುಸ್ತಕದಲ್ಲಿ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯ ಇದೆ. ಬೀಜೋಪಚಾರ, ಗೊಬ್ಬರ, ಮರದ ರೋಗ, ಹೂವು ಹಣ್ಣಿನಲ್ಲಿ ಅಚ್ಚರಿ ಹುಟ್ಟಿಸುವ ಪ್ರಯೋಗಗಳು, ಇವು ಅಲ್ಲಿನ ವಿಷಯ. ಔಷಧ ಎರೆದು ಗಿಡದ ಗುಣ ಬದಲಿಸುವುದು ಒಂದು ವಿದ್ಯೆ. ಒಂದು ಗಿಡದ ಎದುರು ವರ್ಷಗಟ್ಟಲೆ ಕತ್ತರಿ ಹಿಡಿದು ಕೂತು ಅದರಲ್ಲಿ ಬೆಟ್ಟವನ್ನು ಕಾಣುವುದು ಇನ್ನೊಂದು. ಚಾವುಂಡರಾಯನ ಕಣ್ಣು ಇದ್ದದ್ದು ಫಸಲಿನ ಮೇಲೆ, ಮರದ ಆರೋಗ್ಯದ ಮೇಲೆ. ಅದೇನು ಸಣ್ಣದಲ್ಲ.

ಅದಾದ ನೂರು ವರ್ಷಕ್ಕೆ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ ಬಂತು. ಅದರಲ್ಲಿ ರಾಜನ ಕ್ರೀಡೆಗಳ ಸಾಲಿನಲ್ಲಿ ‘ಭೂಧರ ಕ್ರೀಡೆ’ ಎಂಬುದೊಂದಿದೆ. ಕೃತಕ ಗುಡ್ಡ ಕಟ್ಟಿಸಿ ಅದರ ಮೇಲೆ ಪರಿವಾರದೊಡನೆ ವಿಹರಿಸುವ ಆಟ. ನನಗೆ ಇಲ್ಲಿ ಎರಡು ನಾಡುಗಳ ವ್ಯತ್ಯಾಸ ಸ್ಪಷ್ಟವಾಗಿ ಕಾಣಿಸಿತು. ಕಲ್ಯಾಣದ ಅರಸ ಬೆಟ್ಟವನ್ನು ಅರಮನೆಗೆ ತರಿಸಿ ಅದರೊಳಗೆ ಕಾಲಿಟ್ಟು ನಡೆದ. ಚೀನಾದ ಪಂಡಿತ ಅದನ್ನು ಮೇಜಿನ ಮೇಲಿಟ್ಟು ಕಣ್ಣಿನಲ್ಲೇ ಹತ್ತಿದ. ಎರಡೂ ಬೆಟ್ಟದ ಆಸೆಗಳೇ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ಹೇಳುವ ಅಗತ್ಯ ಯಾಕೆ ಬೀಳುತ್ತದೆ?

ನಿಜವಾಗಿ ಇಲ್ಲಿಂದ ಹೋದದ್ದು ಒಂದಿದೆ. ಅದು ಸಿಕ್ಕಿದ್ದು ಗಿಡದ ಕೆಲಸದ ನಡುವೆ. ಹಳೆಯ ಜುನಿಪರ್‌ಗಳಲ್ಲಿ ಕಾಂಡದ ಒಂದು ಭಾಗ ಸತ್ತು, ತೊಗಟೆ ಉದುರಿ, ಬಿಸಿಲಿಗೆ ಬೆಳ್ಳಗಾಗಿರುತ್ತದೆ. ಪಕ್ಕದಲ್ಲೇ ಒಂದು ಪಟ್ಟಿಯಷ್ಟು ಜೀವಂತ ತೊಗಟೆ ಇಡೀ ಮರವನ್ನು ಸಾಕುತ್ತಿರುತ್ತದೆ. ಕುಂಡದ ಜುನಿಪರ್‌ನಲ್ಲಿ ಇದನ್ನು ಕೈಯಾರೆ ಮಾಡುತ್ತಾರೆ. ಕಾಂಡದ ತೊಗಟೆ ಸುಲಿದು, ಒಳಗಿನ ಮರ ಕೊಳೆಯದಂತೆ ಸುಣ್ಣ-ಗಂಧಕದ ದ್ರಾವಣ ಬಳಿಯುತ್ತಾರೆ. ಕಾಂಡದ ಈ ಬಿಳಿಯ ಸತ್ತ ಭಾಗಕ್ಕೆ ಜಪಾನೀ ಹೆಸರು ‘ಶಾರಿ’, ಚೀನೀ ಹೆಸರು ‘ಶೆಲಿ’. ಎರಡಕ್ಕೂ ಬರೆಯುವ ಅಕ್ಷರಗಳು ಒಂದೇ. ಆ ಅಕ್ಷರಗಳು ಹುಟ್ಟಿದ್ದು ಬೌದ್ಧ ಗ್ರಂಥಗಳ ಅನುವಾದದಲ್ಲಿ, ಸಂಸ್ಕೃತದ ‘ಶರೀರ’ ಎಂಬ ಮಾತನ್ನು ಚೀನೀ ಧ್ವನಿಗಳಲ್ಲಿ ಹಿಡಿಯಲು. ಬುದ್ಧನ ದೇಹ ದಹನವಾದ ಮೇಲೆ ಉಳಿದ ಅಸ್ಥಿಧಾತುವನ್ನು ಬೌದ್ಧರು ಶರೀರ ಎಂದೇ ಕರೆದರು. ಸ್ತೂಪಗಳ ಒಳಗೆ ಇರುತ್ತಿದ್ದದ್ದು ಅದು. ಹ್ಯುಯೆನ್ ತ್ಸಾಂಗ್ 645ರಲ್ಲಿ ಹೊತ್ತು ತಂದದ್ದರಲ್ಲಿ ನೂರೈವತ್ತು ಶರೀರ ಧಾತುಗಳಿದ್ದವು ಎಂದು ಅವನ ಚರಿತ್ರೆ ಹೇಳುತ್ತದೆ. ಮಾತು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಬಹಳ ಕಾಲದ ಮೇಲೆ, ಮರದ ಬಿಳಿಯ ಎಲುಬಿನಂಥ ಭಾಗವನ್ನು ಕಂಡವರು ಅದನ್ನು ಈ ಹೆಸರಿನಿಂದ ಕರೆದರು.

ನಾವು ದಿನಕ್ಕೆ ಹತ್ತು ಸಲ ಆಡುವ ಮಾತು. ಮೈ ಎಂಬ ಅರ್ಥದಲ್ಲಿ ಇಲ್ಲಿ ಉಳಿಯಿತು. ಮೈ ಹೋದ ಮೇಲೆ ಉಳಿಯುವುದು ಎಂಬ ಅರ್ಥ ಹೊತ್ತು ಅಲ್ಲಿಗೆ ಹೋಗಿ ಮರಕ್ಕೆ ಅಂಟಿತು. ಈ ಸಂಬಂಧಕ್ಕೆ ಒಂದೇ ಒಂದು ‘ಬಹುದು’ ಬೇಕಾಗಲಿಲ್ಲ. ಮರುದಿನ ಸಂಜೆ ಹರಿಹರೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಗರ್ಭಗುಡಿಯ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಚಿಕ್ಕಂದಿನಿಂದ ನೋಡಿದ ಮೂರ್ತಿಯ ಮುಂದೆ, ಒಂದೇ ಕಾಂಡದಲ್ಲಿ ಸತ್ತದ್ದೂ ಬದುಕಿದ್ದೂ ಕೂಡಿರುವ ಮರ ನೆನಪಾಯಿತು. ನೆನಪಾಯಿತು, ಅಷ್ಟೆ. ಅದರಿಂದ ಇನ್ನೊಂದು ಪ್ರಬಂಧ ಹುಟ್ಟಿಸಲಿಲ್ಲ.

ಆದರೂ ಗಿಡ ಬಾಗಿಸುವುದೇ ಸರಿಯಾ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಗೆಳತಿ ಗಿಡ ನೋಡಿ, “ಪಾಪ, ಇದಕ್ಕೆ ಯಾಕೆ ಈ ಶಿಕ್ಷೆ?” ಎಂದಳು. ಬೋನ್ಸಾಯ್ ಎಂಬ ಮಾತನ್ನು ನಾವು ಬೆಳೆಯಲು ಬಿಡದ ಬದುಕಿಗೆ ಹೋಲಿಕೆಯಾಗಿ ಬಳಸುತ್ತೇವಲ್ಲ. ಈ ಪ್ರಶ್ನೆಯನ್ನು ಅತ್ಯಂತ ಕಟುವಾಗಿ ಕೇಳಿದವನು ಸ್ವತಃ ಒಬ್ಬ ಚೀನೀ ಪಂಡಿತ, ಗೋಂಗ್ ತ್ಸಿಝೆನ್ (1792-1841). ಬೀಜಿಂಗ್‌ನ ಸರ್ಕಾರಿ ಹುದ್ದೆ ಬಿಟ್ಟು 1839ರಲ್ಲಿ ಊರಿಗೆ ಮರಳಿದ ಅವನು ‘ರೋಗಿ ಪ್ಲಮ್ ಮರಗಳ ಮನೆ’ಯ ಬಗ್ಗೆ ಒಂದು ಪುಟ್ಟ ಗದ್ಯ ಬರೆದ. ಸೊಟ್ಟಗಿದ್ದರೆ ಚೆಲುವು, ನೆಟ್ಟಗಿದ್ದರೆ ಸಪ್ಪೆ ಎಂದು ರಸಿಕರು ತೀರ್ಮಾನಿಸಿದ್ದರಿಂದ, ಮಾರುವವರು ನೆಟ್ಟಗಿನ ರೆಂಬೆ ಕತ್ತರಿಸಿ, ಎಳೆ ಚಿಗುರು ಚಿವುಟಿ ಮರಗಳನ್ನೆಲ್ಲ ರೋಗಿಗಳನ್ನಾಗಿಸಿದ್ದಾರೆ ಎಂಬುದು ಅವನ ದೂರು. ಅವನು ಮುನ್ನೂರು ಕುಂಡ ಕೊಂಡು, ಮೂರು ದಿನ ಅತ್ತು, ಕುಂಡಗಳನ್ನು ಒಡೆದು, ಕಟ್ಟಿದ್ದ ತಾಳೆ ನಾರು ಬಿಚ್ಚಿ, ಮರಗಳನ್ನು ನೆಲದಲ್ಲಿ ನೆಟ್ಟ. ಐದು ವರ್ಷದಲ್ಲಿ ವಾಸಿ ಮಾಡುತ್ತೇನೆ ಎಂದು ಹರಕೆ ಹೊತ್ತ. ಓದಿದವರಿಗೆಲ್ಲ ತಿಳಿಯುತ್ತದೆ, ಇದು ಪರೀಕ್ಷೆ ಮತ್ತು ಅಧಿಕಾರದ ಅಚ್ಚಿನಲ್ಲಿ ಬುದ್ಧಿವಂತರನ್ನು ಕುಗ್ಗಿಸಿದ ಆಳ್ವಿಕೆಯ ಕಥೆ ಕೂಡ. ಎರಡೇ ವರ್ಷದಲ್ಲಿ ಅವನು ತೀರಿಕೊಂಡ.

ರೋಗಿ ಮರಗಳು ಬರುವ ಊರುಗಳಲ್ಲಿ ಗೋಂಗ್ ಹೆಸರಿಸುವುದು ಸೂಚೌ ಬಳಿಯ ದೆಂಗ್‌ವೇ ಬೆಟ್ಟವನ್ನೂ. ಅದೇ ಬೆಟ್ಟದ ಬುಡದಲ್ಲಿ ಒಂದು ಗುಡಿಯಿದೆ. ಅದರ ಅಂಗಳದಲ್ಲಿ ಹಾನ್ ಕಾಲದವು ಎಂದು ಜನ ನಂಬುವ ನಾಲ್ಕು ಜುನಿಪರ್ ಮರಗಳಿವೆ. ಸಿಡಿಲು ಬಡಿದು ಸೀಳಿ, ನೆಲಕ್ಕೊರಗಿ, ಒರಗಿದಲ್ಲೇ ಮತ್ತೆ ಚಿಗುರಿ ನಿಂತ ಮರಗಳು. ಒಂದೇ ಊರಿನಲ್ಲಿ ಎರಡು ಬಗೆಯ ಸೊಟ್ಟುಗಳು. ಒಂದು, ಕೊಳ್ಳುವವರ ರುಚಿಗೆ ತಕ್ಕಂತೆ ಎಲ್ಲ ಮರಕ್ಕೂ ಹೇರಿದ್ದು. ಇನ್ನೊಂದು, ಒಂದೊಂದು ಮರ ತನ್ನ ಬದುಕಿನಲ್ಲಿ ಪಡೆದದ್ದು. ಗೋಂಗ್ ಸಿಟ್ಟಾದದ್ದು ಮೊದಲನೆಯದರ ಮೇಲೆ. ಒಳ್ಳೆಯ ಪೆನ್‌ಜಿಂಗ್ ಎರಡನೆಯದನ್ನು ನೋಡಿ ಕಲಿಯುತ್ತದೆ ಎಂದು ನಾನು ಅಂದುಕೊಂಡಿದ್ದೇನೆ. ಆದರೆ ಎರಡರ ನಡುವಿನ ಗೆರೆ ತೆಳ್ಳಗಿದೆ. ಕತ್ತರಿ ಹಿಡಿದವರಿಗೆ ಅದು ಸದಾ ಕಾಣುವುದಿಲ್ಲ.

ನಮ್ಮ ರಾಜ್ಯದಲ್ಲಿ ಇಂಥ ಮರಗಳನ್ನು ನೋಡಬೇಕೆನ್ನುವವರು ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಹೋಗಬೇಕು. 1986ರಲ್ಲಿ ಆರಂಭವಾದ ತೋಟ. ಅಲ್ಲಿ ನನಗೆ ಹೆಚ್ಚು ಹಿಡಿಸಿದ್ದು ನಮ್ಮದೇ ಆಲ, ಅತ್ತಿಗಳು. ಇಲ್ಲಿನ ಬಿಸಿಲು ಗೊತ್ತಿರುವ ಮರಗಳವು. ನನ್ನ ಜುನಿಪರ್ ಏಪ್ರಿಲ್, ಮೇ ತಿಂಗಳನ್ನು ಬೇವಿನ ಮರದ ನೆರಳಲ್ಲಿ ಕಳೆಯಿತು. ಎರೆಮಣ್ಣಿನ ಬದಲು ಇಟ್ಟಿಗೆ ಚೂರು, ದಪ್ಪ ಮರಳು ಇದ್ದದ್ದರಿಂದ ಮಳೆಗಾಲದಲ್ಲಿ ಬೇರು ಕೊಳೆಯಲಿಲ್ಲ.

ಜುಲೈನಲ್ಲಿ ತಂತಿ ಬಿಚ್ಚಿದೆ. ತಂತಿಯನ್ನು ಸುತ್ತಿದ ಹಾಗೆ ಬಿಚ್ಚಬಾರದು, ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು, ಇಲ್ಲದಿದ್ದರೆ ರೆಂಬೆ ಮುರಿಯುತ್ತದೆ. ನಾನು ಒಟ್ಟು ಐದು ರೆಂಬೆ ಬಾಗಿಸಿದ್ದೆ. ಮೂರು ರೆಂಬೆಗಳು ಬಾಗಿಸಿದಲ್ಲೇ ನಿಂತವು. ಗಿಡ ತಾನಾಗಿ ವಾಲಿದ್ದ ದಿಕ್ಕಿಗೆ ನಾನು ಇನ್ನಷ್ಟು ಇಳಿಸಿದ್ದವು ಅವು. ಒಂದು ರೆಂಬೆಯಲ್ಲಿ, ಬಿಚ್ಚಲು ತಡಮಾಡಿದ್ದರಿಂದ, ತಂತಿ ತೊಗಟೆಯೊಳಗೆ ಇಳಿದು ಸುರುಳಿ ಗಾಯ ಉಳಿಸಿದೆ. ಅದು ಮಾಯಲು ವರ್ಷಗಳೇ ಬೇಕು. ಐದನೆಯ ರೆಂಬೆಯನ್ನು ಚಿತ್ರವೊಂದರಲ್ಲಿ ಕಂಡ ಹಾಗೆ ಎದುರು ದಿಕ್ಕಿಗೆ ಎಳೆದಿದ್ದೆ. ತಂತಿಯ ಕೊನೆಯ ತುಂಡು ಬಿದ್ದ ಕೂಡಲೇ ಅದು ನಿಧಾನವಾಗಿ ಎದ್ದು ತನ್ನ ಹಳೆಯ ಜಾಗಕ್ಕೆ ಹೋಯಿತು.

ಪಕ್ಕದಲ್ಲಿ ನಿಂತಿದ್ದ ಅಪ್ಪ ತುಂಡುಗಳನ್ನು ಆಯ್ದುಕೊಳ್ಳುತ್ತ, “ಅದು ಹಂಗೇ ಇರ್ಲಿ ಬಿಡು,” ಎಂದರು. ಬಿಟ್ಟಿದ್ದೇನೆ. ಪ್ರಬಂಧದ ನಾಲ್ಕು ಇಸವಿಗಳು ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದರ ಕೆಳಗೊಂದು ಇವೆ, ನಡುವೆ ಬಾಣಗಳಿಲ್ಲದೆ. ಐದನೆಯ ಸಾಲಿನಲ್ಲಿ ಇಸವಿಯಿಲ್ಲ, ‘ಶರೀರ’ ಎಂಬ ಒಂದೇ ಪದವಿದೆ.